ಡಾಕ್ಟರೇಟ್ ಇಲ್ಲದೆ ನೊಬೆಲ್ ಪಡೆದ ಗೆರ್ಟ್ರೂಡ್ ಎಲಿಯನ್: ಕರುಳಿನ ಉರಿಯೂತಕ್ಕೂ ಎಚ್‌ಐವಿಗೂ ಒಂದೇ ಪ್ರಯೋಗಾಲಯದ ಮದ್ದು

ಎಚ್‌ಐವಿ ಸೋಂಕಿನೊಂದಿಗೆ ಬದುಕುತ್ತಿರುವ ವ್ಯಕ್ತಿಗೆ ಕರುಳಿನ ಉರಿಯೂತದ ಕಾಯಿಲೆಯೂ ಜೊತೆಗೂಡಿದರೆ ವೈದ್ಯರು ಇಕ್ಕಟ್ಟಿಗೆ ಸಿಲುಕುತ್ತಾರೆ. ಮೊದಲನೆಯ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಶಕ್ತಿ ದಿನೇ ದಿನೇ ಕುಂದುತ್ತದೆ, ಅದನ್ನು ಕಾಪಾಡಬೇಕು. ಎರಡನೆಯದರಲ್ಲಿ ಅದೇ ಶಕ್ತಿ ದಾರಿ ತಪ್ಪಿ ಸ್ವಂತ ಕರುಳಿನ ಮೇಲೆಯೇ ಎರಗುತ್ತದೆ; ಅದನ್ನು ಹತ್ತಿಕ್ಕಬೇಕು. ಒಂದೇ ದೇಹಕ್ಕೆ ಪರಸ್ಪರ ವಿರುದ್ಧವಾದ ಎರಡು ಚಿಕಿತ್ಸೆ!

ಆಶ್ಚರ್ಯದ ಸಂಗತಿಯೆಂದರೆ, ಕರುಳಿನ ಉರಿಯೂತವನ್ನು ಹತ್ತಿಕ್ಕಲು ದಶಕಗಳಿಂದ ಬಳಕೆಯಲ್ಲಿರುವ ಅಜಥಿಯೋಪ್ರಿನ್ ಹಾಗೂ ಎಚ್‌ಐವಿ ವಿರುದ್ಧ ಮನುಕುಲಕ್ಕೆ ದೊರೆತ ಮೊದಲ ಅಸ್ತ್ರವಾದ ಜಿಡೊವುಡಿನ್ ಎರಡೂ ಒಂದೇ ಕಂಪನಿಯ ಪ್ರಯೋಗಾಲಯದಿಂದ ಹೊರಬಂದವು. ಮೊದಲನೆಯದನ್ನು ರೂಪಿಸಿದವರು ಮತ್ತು ಎರಡನೆಯದನ್ನು ರೂಪಿಸಿದ ತಂಡವನ್ನು ತಿದ್ದಿ ತೀಡಿದವರು ಒಬ್ಬರೇ ಮಹಿಳೆ. ಅವರ ಹೆಸರು ಗೆರ್ಟ್ರೂಡ್ ಬೆಲ್ ಎಲಿಯನ್. ಪಿಎಚ್‌.ಡಿ ಪದವಿ ಪೂರೈಸಲಾಗದ ಈ ರಸಾಯನ ವಿಜ್ಞಾನಿಗೆ 1988ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. 1999ರ ಫೆಬ್ರುವರಿ 21ರಂದು, 81ನೇ ವಯಸ್ಸಿನಲ್ಲಿ ಅವರು ಇಹಲೋಕ ತ್ಯಜಿಸಿದರು. ಅವರು ತೋರಿಸಿಕೊಟ್ಟ ದಾರಿ ಮಾತ್ರ ಇಂದಿಗೂ ಎರಡು ಕಾಯಿಲೆಗಳ ನಡುವೆ ಸಿಲುಕಿದ ರೋಗಿಗಳಿಗೆ ಬೆಳಕಾಗಿದೆ.

ತಾತನ ಸಾವು ಬದಲಿಸಿದ ಬದುಕು

ಎಲಿಯನ್ ಜನಿಸಿದ್ದು 1918ರ ಜನವರಿ 23ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ರಾಬರ್ಟ್ ಎಲಿಯನ್ ಬಾಲ್ಯದಲ್ಲಿಯೇ ಲಿಥುವೇನಿಯಾದಿಂದ ಅಮೆರಿಕಕ್ಕೆ ಬಂದು, ದಂತವೈದ್ಯ ಶಿಕ್ಷಣ ಪಡೆದು ನೆಲೆ ನಿಂತವರು. ತಾಯಿ ಬರ್ತಾ ಕೂಡ 14ನೇ ವಯಸ್ಸಿನಲ್ಲಿ ಪೂರ್ವ ಯುರೋಪಿನಿಂದ ವಲಸೆ ಬಂದವರು. ಮನೆಯಲ್ಲಿ ಓದಿಗೆ ಎಲ್ಲಿಲ್ಲದ ಗೌರವ. ಬಾಲಕಿ ಗೆರ್ಟ್ರೂಡ್‌ಗೆ ಎಲ್ಲ ವಿಷಯಗಳಲ್ಲಿಯೂ ಸಮಾನ ಆಸಕ್ತಿ. ತರಗತಿಗಳನ್ನು ಬೇಗಬೇಗನೆ ದಾಟಿ 15ನೇ ವಯಸ್ಸಿಗೇ ಪ್ರೌಢಶಾಲೆ ಮುಗಿಸಿದ ಆಕೆಗೆ ಮುಂದೇನು ಓದಬೇಕೆಂಬುದು ಇನ್ನೂ ನಿಶ್ಚಯವಾಗಿರಲಿಲ್ಲ.

ಅದನ್ನು ನಿಶ್ಚಯಿಸಿದ್ದು ಒಂದು ಸಾವು. ಆಕೆಯ ಅಚ್ಚುಮೆಚ್ಚಿನ ತಾತ ಹೊಟ್ಟೆಯ ಕ್ಯಾನ್ಸರ್‌ಗೆ ತುತ್ತಾಗಿ, ಆಕೆಯ ಕಣ್ಣೆದುರೇ ನರಳಿ ಕೊನೆಯುಸಿರೆಳೆದರು. ಇಂತಹ ಕಾಯಿಲೆಗೆ ಮದ್ದು ಹುಡುಕುವುದೇ ತನ್ನ ಕೆಲಸವೆಂದು 15ರ ಬಾಲೆ ಅಂದೇ ನಿರ್ಧರಿಸಿದಳು.

ನಿರ್ಧಾರವೇನೋ ದೊಡ್ಡದು, ಕೈಯಲ್ಲಿ ಕಾಸಿರಲಿಲ್ಲ. 1929ರ ಷೇರುಪೇಟೆ ಕುಸಿತದಲ್ಲಿ ತಂದೆ ದಿವಾಳಿಯಾಗಿದ್ದರು. ಪುಣ್ಯಕ್ಕೆ, ಜಾಣ ಹೆಣ್ಣುಮಕ್ಕಳಿಗೆ ಶುಲ್ಕವಿಲ್ಲದೆ ಶಿಕ್ಷಣ ನೀಡುತ್ತಿದ್ದ ಹಂಟರ್ ಕಾಲೇಜು ಅದೇ ಊರಿನಲ್ಲಿತ್ತು. 1933ರಲ್ಲಿ ಅಲ್ಲಿ ಸೇರಿದ ಎಲಿಯನ್, 1937ರಲ್ಲಿ ರಸಾಯನಶಾಸ್ತ್ರದಲ್ಲಿ ಅತ್ಯುನ್ನತ ಶ್ರೇಣಿಯೊಂದಿಗೆ ಪದವಿ ಪಡೆದರು. ವಯಸ್ಸು ಆಗಿನ್ನೂ 19.

ಉಪ್ಪಿನಕಾಯಿಯ ಹುಳಿ ಅಳೆದ ಪದವೀಧರೆ

ಪದವಿ ಸಿಕ್ಕಿತು, ಕೆಲಸ ಸಿಗಲಿಲ್ಲ. ಆರ್ಥಿಕ ಮಹಾಕುಸಿತದ ಆ ದಿನಗಳಲ್ಲಿ ಗಂಡಸರಿಗೇ ಉದ್ಯೋಗ ದುರ್ಲಭ. ಹೆಣ್ಣುಮಕ್ಕಳಿಗೆ ಪ್ರಯೋಗಾಲಯದ ಬಾಗಿಲು ಮುಚ್ಚಿಯೇ ಇತ್ತು. ವಿಶ್ವವಿದ್ಯಾಲಯಗಳಿಗೆ ಕಳುಹಿಸಿದ ಅರ್ಜಿಗಳು ಫಲ ನೀಡಲಿಲ್ಲ. ಸಂದರ್ಶನವೊಂದರಲ್ಲಂತೂ, ಅರ್ಹತೆಯೆಲ್ಲ ಇದೆ, ಆದರೆ ಯುವತಿಯೊಬ್ಬಳು ಒಳಗೆ ಬಂದರೆ ಪುರುಷ ಸಹೋದ್ಯೋಗಿಗಳ ಗಮನ ಕೆಲಸದ ಮೇಲೆ ನಿಲ್ಲದೆಂಬ ಕಾರಣ ನೀಡಿ ವಾಪಸು ಕಳುಹಿಸಲಾಯಿತು.

ಎಲಿಯನ್ ಎದೆಗುಂದಲಿಲ್ಲ. ಕೆಲಕಾಲ ಕಾರ್ಯದರ್ಶಿ ತರಬೇತಿಗೆ ಸೇರಿದರು. ನರ್ಸಿಂಗ್ ವಿದ್ಯಾರ್ಥಿನಿಯರಿಗೆ 3 ತಿಂಗಳು ಜೀವರಸಾಯನಶಾಸ್ತ್ರ ಬೋಧಿಸಿದರು. ಪರಿಚಿತ ರಸಾಯನ ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿ ಮೊದಲು ಸಂಬಳವೇ ಇಲ್ಲದೆ ದುಡಿದರು. ಕೊನೆಕೊನೆಗೆ ವಾರಕ್ಕೆ 20 ಡಾಲರ್ ಸಿಗುತ್ತಿತ್ತು. ಅದರಲ್ಲೇ ಉಳಿಸಿದ ಹಣದಿಂದ 1939ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ತರಗತಿಗೆ ಸೇರಿದರು. ರಸಾಯನಶಾಸ್ತ್ರದ ಆ ತರಗತಿಯಲ್ಲಿ ಅವರೊಬ್ಬರೇ ಮಹಿಳೆ. ಹಗಲು ಶಾಲೆಗಳಲ್ಲಿ ಪಾಠ ಹೇಳುವುದು, ರಾತ್ರಿ ಮತ್ತು ವಾರಾಂತ್ಯದಲ್ಲಿ ಸಂಶೋಧನೆ. 1941ರಲ್ಲಿ ಎಂ.ಎಸ್‌ಸಿ ಪದವಿ ಕೈಗೆ ಬಂತು.

ಅದೇ ವರ್ಷ ಮತ್ತೊಂದು ಆಘಾತ ಕಾದಿತ್ತು. ಮದುವೆಯಾಗಬೇಕಿದ್ದ ಲಿಯೊನಾರ್ಡ್ ಕ್ಯಾಂಟರ್ ಹೃದಯದ ಒಳಪದರಕ್ಕೆ ತಗುಲಿದ ಬ್ಯಾಕ್ಟೀರಿಯಾ ಸೋಂಕಿನಿಂದ ಮೃತಪಟ್ಟರು. ಆ ಸೋಂಕನ್ನು ಗುಣಪಡಿಸಬಲ್ಲ ಪೆನ್ಸಿಲಿನ್ ಜನಸಾಮಾನ್ಯರ ಕೈಗೆಟುಕಿದ್ದು ಇನ್ನೂ ಕೆಲ ವರ್ಷಗಳ ನಂತರ. ಸರಿಯಾದ ಔಷಧ ಸರಿಯಾದ ಸಮಯಕ್ಕೆ ದೊರೆಯದಿದ್ದರೆ ಏನಾಗುತ್ತದೆ ಎಂಬುದು ಎಲಿಯನ್ ಅವರಿಗೆ ಪುಸ್ತಕದಿಂದ ತಿಳಿದ ವಿಷಯವಾಗಿರಲಿಲ್ಲ. ಮುಂದೆ ಅವರು ಮದುವೆಯಾಗಲೇ ಇಲ್ಲ.

ಎರಡನೇ ಮಹಾಯುದ್ಧ ಗಂಡಸರನ್ನು ರಣರಂಗಕ್ಕೆ ಕರೆದೊಯ್ದಾಗ ಪ್ರಯೋಗಾಲಯಗಳಲ್ಲಿ ಜಾಗ ಖಾಲಿಯಾಯಿತು. ಎಲಿಯನ್‌ಗೆ ದೊರೆತ ಮೊದಲ ನೌಕರಿ ಆಹಾರ ತಯಾರಿಕಾ ಕಂಪನಿಯೊಂದರಲ್ಲಿ. ಉಪ್ಪಿನಕಾಯಿಯ ಹುಳಿ ಎಷ್ಟಿದೆ, ಮೇಯನೇಸ್‌ಗೆ ಬಳಸುವ ಮೊಟ್ಟೆಯ ಹಳದಿಯ ಬಣ್ಣ ಸರಿಯಿದೆಯೇ ಎಂದು ಪರೀಕ್ಷಿಸುವ ಕೆಲಸ. ಕಲಿಯುವುದೇನೂ ಉಳಿದಿಲ್ಲವೆನಿಸಿದಾಗ ಅದನ್ನೂ ಬಿಟ್ಟರು.

ಹಿಚಿಂಗ್ಸ್ ಜೊತೆ ಹೊಸ ದಾರಿ

1944ರಲ್ಲಿ ನ್ಯೂಯಾರ್ಕ್ ಸಮೀಪದ ಟಕಾಹೊ ಎಂಬಲ್ಲಿದ್ದ ಬರೋಸ್ ವೆಲ್‌ಕಮ್ ಔಷಧ ಕಂಪನಿಯಲ್ಲಿ ಜಾರ್ಜ್ ಹಿಚಿಂಗ್ಸ್ ಅವರ ಸಹಾಯಕಿಯಾಗಿ ಎಲಿಯನ್ ಸೇರಿಕೊಂಡರು. ಸುಮಾರು ನಾಲ್ಕು ದಶಕಗಳ ಸಹಯೋಗಕ್ಕೆ ಅದು ನಾಂದಿಯಾಯಿತು.

ಅಂದಿನ ಔಷಧ ಸಂಶೋಧನೆ ಬಹುಮಟ್ಟಿಗೆ ಕತ್ತಲೆಯಲ್ಲಿ ಕಲ್ಲು ಹೊಡೆದಂತಿತ್ತು. ಸಾವಿರಾರು ರಾಸಾಯನಿಕಗಳನ್ನು ಒಂದೊಂದಾಗಿ ಪ್ರಯೋಗಿಸಿ, ಯಾವುದು ಫಲಿಸುತ್ತದೆಯೋ ನೋಡುವುದು ರೂಢಿ. ಹಿಚಿಂಗ್ಸ್ ಆಲೋಚನೆಯೇ ಬೇರೆ. ಯಾವುದೇ ಜೀವಕೋಶ ವೃದ್ಧಿಸಬೇಕಾದರೆ ಅದಕ್ಕೆ ಡಿಎನ್‌ಎ ಕಟ್ಟಿಕೊಳ್ಳುವ ಸಾಮಗ್ರಿ ಬೇಕು. ಆ ಸಾಮಗ್ರಿಯಂತೆಯೇ ಕಾಣುವ, ಆದರೆ ಕೆಲಸಕ್ಕೆ ಬಾರದ ನಕಲಿಯೊಂದನ್ನು ಒದಗಿಸಿದರೆ ಕೋಶವು ಮೋಸಹೋಗಿ ಅದನ್ನೇ ಬಳಸಿಕೊಳ್ಳುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಕ್ಯಾನ್ಸರ್ ಕೋಶ, ಬ್ಯಾಕ್ಟೀರಿಯಾ, ವೈರಸ್‌ಗಳು ಆರೋಗ್ಯವಂತ ಕೋಶಗಳಿಗಿಂತ ವೇಗವಾಗಿ ಅಥವಾ ಭಿನ್ನವಾಗಿ ವೃದ್ಧಿಸುವುದರಿಂದ ಏಟು ಅವುಗಳಿಗೇ ಹೆಚ್ಚು ಬೀಳುತ್ತದೆ. ಡಿಎನ್‌ಎಯ ರಚನೆ ಜಗತ್ತಿಗೆ ತಿಳಿದದ್ದು 1953ರಲ್ಲಿ. ಇವರಿಬ್ಬರೂ ಅದಕ್ಕೂ ಮುನ್ನವೇ ಈ ಹಾದಿ ಹಿಡಿದಿದ್ದರು.

ಹಿಚಿಂಗ್ಸ್ ಎಲಿಯನ್‌ಗೆ ವಹಿಸಿದ ಕ್ಷೇತ್ರ ಪ್ಯೂರಿನ್‌ಗಳದು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಎರಡು ಪ್ಯೂರಿನ್ ಗುಂಪಿಗೆ ಸೇರಿದವು. ಹಗಲು ಈ ಕೆಲಸ ಮಾಡುತ್ತಲೇ ಎಲಿಯನ್ ಬ್ರೂಕ್ಲಿನ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಸಂಜೆ ವೇಳೆ ಪಿಎಚ್‌.ಡಿಗೆ ಓದತೊಡಗಿದರು. ಎರಡು ವರ್ಷಗಳ ಬಳಿಕ, ಪೂರ್ಣಾವಧಿ ವಿದ್ಯಾರ್ಥಿನಿಯಾದರೆ ಮಾತ್ರ ಮುಂದುವರಿಯಬಹುದೆಂದು ಅಲ್ಲಿನ ಡೀನ್ ಷರತ್ತು ವಿಧಿಸಿದರು. ಪದವಿಯೋ ಪ್ರಯೋಗಾಲಯವೋ ಎಂಬ ಪ್ರಶ್ನೆ ಎದುರಾದಾಗ ಎಲಿಯನ್ ಆಯ್ದುಕೊಂಡದ್ದು ಪ್ರಯೋಗಾಲಯವನ್ನು. ಅದೇ ಸಂಸ್ಥೆ 1989ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

1940ರ ದಶಕದ ಕೊನೆಯಲ್ಲಿ ಸಿದ್ಧವಾದ ಮೊದಲ ನಕಲಿ ಪ್ಯೂರಿನ್ ರಕ್ತ ಕ್ಯಾನ್ಸರ್ ರೋಗಿಗಳಲ್ಲಿ ಆಸೆ ಚಿಗುರಿಸಿತು. ಯುವತಿಯೊಬ್ಬಳು ಚೇತರಿಸಿಕೊಂಡು, ಮದುವೆಯಾಗಿ, ಮಗುವನ್ನೂ ಹೆತ್ತಳು. ಎರಡು ವರ್ಷಗಳಲ್ಲಿ ಕಾಯಿಲೆ ಮರುಕಳಿಸಿ ಆಕೆ ತೀರಿಕೊಂಡಳು. ಆ ನೋವು ಎಲಿಯನ್ ಅವರನ್ನು ದಶಕಗಳವರೆಗೆ ಕಾಡಿತು. ಛಲ ಬಿಡದೆ ನೂರರಷ್ಟು ಪ್ಯೂರಿನ್ ಸಂಯುಕ್ತಗಳನ್ನು ತಯಾರಿಸಿ ಪರೀಕ್ಷಿಸಿದ ಬಳಿಕ 1951ರ ಹೊತ್ತಿಗೆ 6-ಮರ್ಕಾಪ್ಟೊಪ್ಯೂರಿನ್, ಅಂದರೆ 6-ಎಂಪಿ, ಕೈಗೆ ಬಂತು. ಕೆಲವೇ ತಿಂಗಳಲ್ಲಿ ಸಾವನ್ನಪ್ಪುತ್ತಿದ್ದ ರಕ್ತ ಕ್ಯಾನ್ಸರ್ ಪೀಡಿತ ಮಕ್ಕಳ ಆಯಸ್ಸನ್ನು ಅದು ಹೆಚ್ಚಿಸಿತು. 1953ರಲ್ಲಿ ಅಮೆರಿಕ ಸರ್ಕಾರದ ಅನುಮತಿಯೂ ದೊರೆಯಿತು. ಇತರ ಔಷಧಗಳ ಜೊತೆಗೂಡಿ ಅದು ಇಂದಿಗೂ ಮಕ್ಕಳ ರಕ್ತ ಕ್ಯಾನ್ಸರ್ ಚಿಕಿತ್ಸೆಯ ಅಂಗವಾಗಿದೆ.

ಕಸಿಯಿಂದ ಕರುಳಿನತ್ತ

ಕ್ಯಾನ್ಸರ್‌ಗೆಂದು ಹುಟ್ಟಿದ ಈ ಔಷಧ ಕರುಳಿನ ಕಾಯಿಲೆಯವರೆಗೆ ಸಾಗಿ ಬಂದ ಬಗೆ ಕುತೂಹಲಕರ. 1958ರಲ್ಲಿ ಬಾಸ್ಟನ್‌ನ ರಾಬರ್ಟ್ ಶ್ವಾರ್ಟ್ಜ್ ಮತ್ತು ವಿಲಿಯಂ ಡೇಮ್‌ಶೆಕ್ ಮೊಲಗಳಿಗೆ 6-ಎಂಪಿ ನೀಡಿ, ಅವುಗಳ ದೇಹ ಹೊರಗಿನ ವಸ್ತುವಿನ ವಿರುದ್ಧ ಪ್ರತಿಕಾಯ ಉತ್ಪಾದಿಸುವುದನ್ನು ನಿಲ್ಲಿಸುತ್ತದೆ ಎಂದು ಕಂಡುಕೊಂಡರು. ದಾಳಿಗೆ ಸಜ್ಜಾಗುವಾಗ ರೋಗನಿರೋಧಕ ಕೋಶಗಳೂ ವೇಗವಾಗಿ ವೃದ್ಧಿಸಬೇಕಲ್ಲವೇ? ನಕಲಿ ಪ್ಯೂರಿನ್ ಅವುಗಳನ್ನೂ ತಡೆದಿತ್ತು.

ಈ ಸುದ್ದಿ ತಿಳಿದ ಬ್ರಿಟನ್ನಿನ ಯುವ ಶಸ್ತ್ರಚಿಕಿತ್ಸಕ ರಾಯ್ ಕಾನ್ ಮೂತ್ರಪಿಂಡ ಕಸಿ ಮಾಡಿದ ನಾಯಿಗಳಿಗೆ 6-ಎಂಪಿ ಕೊಟ್ಟು ನೋಡಿದರು. ದೇಹ ಹೊಸ ಮೂತ್ರಪಿಂಡವನ್ನು ತಿರಸ್ಕರಿಸುವುದು ತಡವಾಯಿತು. ಅಮೆರಿಕಕ್ಕೆ ಬಂದ ಅವರಿಗೆ ಹಿಚಿಂಗ್ಸ್ ಮತ್ತು ಎಲಿಯನ್ ಇನ್ನೂ ಕೆಲವು ಸಂಯುಕ್ತಗಳನ್ನು ಕೊಟ್ಟು ಕಳುಹಿಸಿದರು. ಅವುಗಳಲ್ಲೊಂದು ಅಜಥಿಯೋಪ್ರಿನ್. ದೇಹದೊಳಗೆ ಹೋದ ಮೇಲೆ ಒಡೆದು 6-ಎಂಪಿಯಾಗಿ ಮಾರ್ಪಡುವಂತೆ ಅದನ್ನು ರೂಪಿಸಲಾಗಿತ್ತು. 1962ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಈ ಔಷಧದ ನೆರವಿನಿಂದ, ರಕ್ತಸಂಬಂಧವಿಲ್ಲದ ಮೃತ ದಾನಿಯ ಮೂತ್ರಪಿಂಡವನ್ನು ರೋಗಿಯೊಬ್ಬರಿಗೆ ಕಸಿ ಮಾಡಿದರು. ಅದು ಒಂದು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿತು.

ಪರರ ಮೂತ್ರಪಿಂಡದ ಮೇಲಿನ ದಾಳಿಯನ್ನು ತಡೆಯಬಹುದಾದರೆ, ಸ್ವಂತ ಕರುಳಿನ ಮೇಲಿನ ದಾಳಿಯನ್ನೇಕೆ ತಡೆಯಬಾರದು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಕರುಳಿನ ಉರಿಯೂತದ ಕಾಯಿಲೆಯಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗಿ ರಕ್ತಭೇದಿಯಾಗುವ ಅಲ್ಸರೇಟಿವ್ ಕೊಲೈಟಿಸ್ ಒಂದು. ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಂಡು, ಕರುಳಿನ ಗೋಡೆಯನ್ನೇ ಆಳವಾಗಿ ಕೊರೆಯುವ ಕ್ರೋನ್ಸ್ ಕಾಯಿಲೆ ಮತ್ತೊಂದು. 1932ರಲ್ಲಿ ಬರಿಲ್ ಕ್ರೋನ್ ಮತ್ತು ಸಂಗಡಿಗರು ಇದನ್ನು ವಿವರಿಸಿದ್ದು ಎಲಿಯನ್ ಅವರ ಹುಟ್ಟೂರಾದ ನ್ಯೂಯಾರ್ಕಿನಲ್ಲಿಯೇ. ಬೇನೆ ಬರುತ್ತದೆ, ಅಡಗುತ್ತದೆ, ಮತ್ತೆ ಕೆರಳುತ್ತದೆ, ಪೂರ್ಣ ಗುಣವೆಂಬುದಿಲ್ಲ. ಸ್ಟೀರಾಯ್ಡ್ ಔಷಧಗಳು ಬೇಗನೆ ಉಪಶಮನ ನೀಡಿದರೂ ದೀರ್ಘಕಾಲ ಬಳಸಿದರೆ ದೇಹವನ್ನೇ ಹಾಳುಗೆಡವುತ್ತವೆ.

1962ರಲ್ಲಿ ಆಸ್ಟ್ರೇಲಿಯಾದ ವೈದ್ಯರೊಬ್ಬರು ಅಲ್ಸರೇಟಿವ್ ಕೊಲೈಟಿಸ್‌ಗೆ 6-ಎಂಪಿ ಬಳಸಿದ ವರದಿ ಪ್ರಕಟಿಸಿದರು. 1969ರಲ್ಲಿ ಬ್ರಿಟನ್ನಿನಿಂದ ಕ್ರೋನ್ಸ್ ಕಾಯಿಲೆಗೆ ಅಜಥಿಯೋಪ್ರಿನ್ ನೀಡಿದ ವರದಿ ಬಂತು. 1980ರಲ್ಲಿ ನ್ಯೂಯಾರ್ಕಿನ ಡೇನಿಯಲ್ ಪ್ರೆಸೆಂಟ್, ಬರ್ಟನ್ ಕೊರೆಲಿಟ್ಜ್ ಮತ್ತಿತರರು 83 ಕ್ರೋನ್ಸ್ ರೋಗಿಗಳ ಮೇಲೆ ನಡೆಸಿದ ಎರಡು ವರ್ಷಗಳ ಅಧ್ಯಯನದ ಫಲಿತಾಂಶ ಹೊರಬಿದ್ದಾಗ ಸಂಶಯ ಬಹುಮಟ್ಟಿಗೆ ನೀಗಿತು. ಔಷಧ ಪರಿಣಾಮ ತೋರಲು ಸರಾಸರಿ 3 ತಿಂಗಳಿಗೂ ತುಸು ಹೆಚ್ಚು ಕಾಲ ಹಿಡಿಯುತ್ತದೆ ಎಂಬುದೂ ಆಗಲೇ ಸ್ಪಷ್ಟವಾಯಿತು.

ದೇಹದಲ್ಲಿ ಔಷಧ ಏನಾಗುತ್ತದೆ?

ಎಲಿಯನ್ ಅವರ ಹೆಗ್ಗಳಿಕೆ ಔಷಧ ತಯಾರಿಕೆಗೆ ಸೀಮಿತವಾಗಿರಲಿಲ್ಲ. ಔಷಧ ದೇಹದೊಳಗೆ ಹೋದ ಮೇಲೆ ಯಾವ ಕಿಣ್ವ ಅದನ್ನು ಒಡೆಯುತ್ತದೆ, ಒಡೆದದ್ದು ಏನಾಗುತ್ತದೆ, ಎಷ್ಟು ಹೊರಹೋಗುತ್ತದೆ ಎಂಬುದನ್ನು ಅವರು ಪಟ್ಟು ಹಿಡಿದು ಬೆನ್ನಟ್ಟುತ್ತಿದ್ದರು. 6-ಎಂಪಿಯನ್ನು ನಿಷ್ಕ್ರಿಯಗೊಳಿಸುವುದು ಕ್ಸಾಂಥಿನ್ ಆಕ್ಸಿಡೇಸ್ ಎಂಬ ಕಿಣ್ವವೆಂದು ತಿಳಿದಾಗ, ಅದನ್ನು ತಡೆಯಲು ಅಲೊಪ್ಯೂರಿನಾಲ್ ಎಂಬ ಸಂಯುಕ್ತವನ್ನು ಬಳಸಿದರು. ಅದೇ ಕಿಣ್ವ ದೇಹದಲ್ಲಿ ಯೂರಿಕ್ ಆಮ್ಲವನ್ನೂ ತಯಾರಿಸುತ್ತಿದ್ದುದರಿಂದ ಅಲೊಪ್ಯೂರಿನಾಲ್ ಗೌಟ್ ಸಂಧಿವಾತಕ್ಕೆ ರಾಮಬಾಣವಾಯಿತು. 1966ರಲ್ಲಿ ಅದಕ್ಕೆ ಅನುಮತಿ ದೊರೆಯಿತು.

ಇದರಿಂದ ವೈದ್ಯಲೋಕ ಕಲಿತ ಪಾಠವೊಂದಿದೆ. ಅಜಥಿಯೋಪ್ರಿನ್ ಸೇವಿಸುವ ರೋಗಿಗೆ ಎಚ್ಚರವಿಲ್ಲದೆ ಅಲೊಪ್ಯೂರಿನಾಲ್ ಕೊಟ್ಟರೆ, ಔಷಧ ಒಡೆಯದೆ ದೇಹದಲ್ಲಿ ಸಂಗ್ರಹವಾಗಿ ಮೂಳೆಮಜ್ಜೆ ಬಳಲುತ್ತದೆ. ರಕ್ತಕಣಗಳು ಅಪಾಯಕಾರಿ ಮಟ್ಟಕ್ಕೆ ಕುಸಿಯುತ್ತವೆ. ಒಂದೊಂದೂ ಒಳ್ಳೆಯ ಔಷಧವೇ. ಕೂಡಿದಾಗ ಲೆಕ್ಕ ಬದಲಾಗುತ್ತದೆ. ಎರಡು ಕಾಯಿಲೆಗಳಿಗೆ ಏಕಕಾಲದಲ್ಲಿ ಮದ್ದು ನುಂಗುವವರ ಪಾಲಿಗೆ ಇದಕ್ಕಿಂತ ಮುಖ್ಯವಾದ ಪಾಠ ಮತ್ತೊಂದಿಲ್ಲ.

ವೈರಸ್‌ಗೂ ಅದೇ ಉಪಾಯ

1967ರಲ್ಲಿ ಎಲಿಯನ್ ಪ್ರಯೋಗಾತ್ಮಕ ಚಿಕಿತ್ಸಾ ವಿಭಾಗದ ಮುಖ್ಯಸ್ಥೆಯಾದರು. 1970ರಲ್ಲಿ ಕಂಪನಿಯೊಂದಿಗೆ ನಾರ್ತ್ ಕ್ಯಾರೊಲಿನಾಕ್ಕೆ ತೆರಳಿದರು. ಅಲ್ಲಿ ಅವರ ತಂಡ ಹರ್ಪಿಸ್ ವೈರಸ್ ವಿರುದ್ಧದ ಏಸೈಕ್ಲೊವಿರ್ ಔಷಧವನ್ನು ರೂಪಿಸಿತು. ಆರೋಗ್ಯವಂತ ಕೋಶವನ್ನು ಬಹುಮಟ್ಟಿಗೆ ಮುಟ್ಟದೆ ವೈರಸ್ ಹೊಕ್ಕ ಕೋಶದಲ್ಲಿ ಮಾತ್ರ ಚುರುಕಾಗುವ ಈ ಔಷಧ, ವೈರಸ್ ಕಾಯಿಲೆಗೆ ಮದ್ದೇ ಇಲ್ಲವೆಂಬ ನಂಬಿಕೆಯನ್ನು ಅಳಿಸಿಹಾಕಿತು.

1983ರಲ್ಲಿ ಎಲಿಯನ್ ನಿವೃತ್ತರಾದರು. ಏಡ್ಸ್‌ಗೆ ಕಾರಣವಾದ ವೈರಸ್ಸನ್ನು ಪ್ಯಾರಿಸ್ಸಿನ ವಿಜ್ಞಾನಿಗಳು ಪ್ರತ್ಯೇಕಿಸಿದ್ದೂ ಅದೇ ವರ್ಷ. ಮರುವರ್ಷದಿಂದ ಅವರ ಹಳೆಯ ಸಹೋದ್ಯೋಗಿಗಳಾದ ಜಾನೆಟ್ ರೈಡೌಟ್, ಫಿಲಿಪ್ ಫರ್ಮನ್, ಮಾರ್ತಾ ಸೇಂಟ್ ಕ್ಲೇರ್ ಮೊದಲಾದವರು ಈ ವೈರಸ್‌ಗೆ ಮದ್ದು ಹುಡುಕಲು ತೊಡಗಿದರು. 1964ರಲ್ಲಿ ಜೆರೋಮ್ ಹಾರ್ವಿಟ್ಜ್ ಕ್ಯಾನ್ಸರ್‌ಗೆಂದು ತಯಾರಿಸಿ, ಫಲ ಕಾಣದೆ ಕೈಬಿಟ್ಟಿದ್ದ ಸಂಯುಕ್ತವೊಂದು ಅವರ ಕಣ್ಣಿಗೆ ಬಿತ್ತು. ಅದೇ ಎಜೆಡ್‌ಟಿ, ಅಂದರೆ ಜಿಡೊವುಡಿನ್. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸ್ಯಾಮ್ಯುಯೆಲ್ ಬ್ರೋಡರ್ ಮತ್ತು ಹಿರೋಆಕಿ ಮಿತ್ಸುಯಾ 1985ರಲ್ಲಿ ಅದರ ಶಕ್ತಿಯನ್ನು ದೃಢಪಡಿಸಿದರು. ವೈರಸ್ ತನ್ನ ಡಿಎನ್‌ಎ ಹೆಣೆಯುವಾಗ ಅಸಲಿ ಎಂದು ಭ್ರಮಿಸಿ ಈ ನಕಲಿ ಕೊಂಡಿಯನ್ನು ಸೇರಿಸಿಕೊಳ್ಳುತ್ತದೆ. ಸರಪಳಿ ಅಲ್ಲಿಗೇ ನಿಲ್ಲುತ್ತದೆ. ಉಪಾಯ ಅದೇ, ಶತ್ರು ಮಾತ್ರ ಹೊಸಬ.

282 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಹುಸಿ ಗುಳಿಗೆ ಪಡೆದವರ ಪೈಕಿ 19 ಮಂದಿ ಮೃತಪಟ್ಟರೆ, ಜಿಡೊವುಡಿನ್ ಪಡೆದವರಲ್ಲಿ ಒಬ್ಬರು ಮಾತ್ರ ತೀರಿಕೊಂಡಿದ್ದರು. 1986ರ ಸೆಪ್ಟೆಂಬರ್‌ನಲ್ಲಿ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿ ಎಲ್ಲರಿಗೂ ಔಷಧ ನೀಡಲಾಯಿತು. 1987ರ ಮಾರ್ಚ್‌ನಲ್ಲಿ ಅನುಮತಿ ಸಿಕ್ಕಿತು. ಆದರೆ ವರ್ಷಕ್ಕೆ ಸುಮಾರು 10,000 ಡಾಲರ್ ಬೆಲೆ ಕಂಡು ರೋಗಿಗಳು ಬೀದಿಗಿಳಿದು ಪ್ರತಿಭಟಿಸಿದರು. ಆರಂಭದ ದೊಡ್ಡ ಪ್ರಮಾಣ ಅನೇಕರಲ್ಲಿ ತೀವ್ರ ರಕ್ತಹೀನತೆ ತಂದಿತು. ಮುಂದೆ ಪ್ರಮಾಣವನ್ನು ಅರ್ಧಕ್ಕೂ ಕಡಿಮೆ ಮಾಡಲಾಯಿತು. ಒಂದೇ ಔಷಧ ವೈರಸ್ಸನ್ನು ದೀರ್ಘಕಾಲ ಹಿಡಿದಿಡಲಾರದೆಂಬುದೂ ಅನುಭವಕ್ಕೆ ಬಂತು. 1996ರಲ್ಲಿ ಮೂರು ಔಷಧಗಳ ಸಂಯುಕ್ತ ಚಿಕಿತ್ಸೆ ಬಂದ ಮೇಲೆಯೇ ಎಚ್‌ಐವಿ ಬಾಧಿತರ ಬದುಕು ದೀರ್ಘವಾದದ್ದು.

ಜಿಡೊವುಡಿನ್ ಯಶಸ್ಸನ್ನು ಪತ್ರಿಕೆಗಳು ಎಲಿಯನ್ ಹೆಸರಿಗೆ ಬರೆದಾಗಲೆಲ್ಲ ಅವರು ಅದನ್ನು ಒಪ್ಪುತ್ತಿರಲಿಲ್ಲ. ಕೆಲಸ ತಂಡದ್ದು, ತನ್ನದು ಕಲಿಸಿಕೊಟ್ಟ ಪಾತ್ರವಷ್ಟೇ ಎಂಬುದು ಅವರ ನಿಲುವಾಗಿತ್ತು.

ಒಂದೇ ದೇಹದಲ್ಲಿ ಎರಡು ಕಾಯಿಲೆ

1988ರ ಅಕ್ಟೋಬರ್ 17ರ ಮುಂಜಾನೆ ನೊಬೆಲ್ ಸುದ್ದಿ ಬಂದಾಗ ಎಲಿಯನ್ ಮುಖ ತೊಳೆಯುತ್ತಿದ್ದರು. ಹಿಚಿಂಗ್ಸ್ ಮತ್ತು ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಅವರೊಂದಿಗೆ ಪ್ರಶಸ್ತಿ ಹಂಚಿಕೆಯಾಗಿತ್ತು.

ಕಾಕತಾಳೀಯವೆಂಬಂತೆ ಅದೇ ವರ್ಷ ವೈದ್ಯಕೀಯ ನಿಯತಕಾಲಿಕವೊಂದರಲ್ಲಿ ವಿಚಿತ್ರ ಪ್ರಕರಣವೊಂದು ವರದಿಯಾಯಿತು. ಕ್ರೋನ್ಸ್ ಕಾಯಿಲೆಯಿಂದ ಬಳಲುತ್ತಿದ್ದ ರೋಗಿಗೆ ಎಚ್‌ಐವಿ ಸೋಂಕು ತಗುಲಿದ ಬಳಿಕ ಕರುಳಿನ ಬೇನೆ ತಣ್ಣಗಾಗಿತ್ತು. ಎಚ್‌ಐವಿ ನಾಶಪಡಿಸುವ ಸಿಡಿ4 ಕೋಶಗಳೇ ಕರುಳಿನ ಉರಿಯೂತದಲ್ಲಿಯೂ ಪ್ರಮುಖ ಪಾತ್ರ ವಹಿಸುವುದರಿಂದ, ಅವು ಕುಗ್ಗಿದಾಗ ಉರಿಯೂತವೂ ಅಡಗುತ್ತದೆ ಎಂಬ ವಾದ ಹುಟ್ಟಿಕೊಂಡಿತು. ಆದರೆ ಸಿಡಿ4 ಕುಸಿದಿದ್ದರೂ ಕರುಳು ಕೆರಳಿದ ಪ್ರಕರಣಗಳೂ ವರದಿಯಾದವು. ಹೀಗಾಗಿ ಈ ವಾದ ನಿಯಮವಾಗಲಿಲ್ಲ. ಕರುಳಿನ ಬೇನೆ ಅಡಗಲೆಂದು ಎಚ್‌ಐವಿ ಚಿಕಿತ್ಸೆಯನ್ನು ಮುಂದೂಡುವುದಂತೂ ಸಲ್ಲದು. ವೈರಸ್ಸನ್ನು ಹತೋಟಿಗೆ ತರುವುದೇ ಇಂದು ಮೊದಲ ಹೆಜ್ಜೆ.

ಎರಡನೆಯ ಹೆಜ್ಜೆ ರೋಗನಿದಾನ. ಎಚ್‌ಐವಿ ಬಾಧಿತರಲ್ಲಿ ದೀರ್ಘಕಾಲದ ಭೇದಿ, ರಕ್ತಸ್ರಾವ, ತೂಕ ಇಳಿಕೆಗೆ ಸೋಂಕುಗಳೇ ಕಾರಣವಾಗಿರುವ ಸಂಭವ ಹೆಚ್ಚು. ಸೈಟೊಮೆಗಾಲೊ ವೈರಸ್, ಕ್ರಿಪ್ಟೊಸ್ಪೊರಿಡಿಯಂ, ಲೈಂಗಿಕ ಸಂಪರ್ಕದಿಂದ ಹರಡುವ ಕೆಲವು ಬ್ಯಾಕ್ಟೀರಿಯಾಗಳು ಕರುಳಿನ ಉರಿಯೂತದ ವೇಷವನ್ನೇ ತೊಟ್ಟು ಬರುತ್ತವೆ. ಭಾರತದಲ್ಲಿ ಕರುಳಿನ ಕ್ಷಯವನ್ನೂ ಕ್ರೋನ್ಸ್ ಕಾಯಿಲೆಯನ್ನೂ ಬೇರ್ಪಡಿಸುವುದು ನುರಿತ ವೈದ್ಯರಿಗೂ ಸವಾಲು. ಮಲಪರೀಕ್ಷೆ, ಕೊಲೊನೊಸ್ಕೋಪಿ, ಬಯಾಪ್ಸಿ ಇಲ್ಲದೆ ಸ್ಟೀರಾಯ್ಡ್ ಕೊಟ್ಟರೆ, ಅಡಗಿರುವ ಸೋಂಕಿಗೆ ಕುಮ್ಮಕ್ಕು ಕೊಟ್ಟಂತಾಗುತ್ತದೆ.

ಮೂರನೆಯದು ಔಷಧಗಳ ಹೊಂದಾಣಿಕೆ. ಎಲಿಯನ್ ಕಲಿಸಿದ ಪಾಠ ನೇರವಾಗಿ ಅನ್ವಯಿಸುವುದು ಇಲ್ಲಿಯೇ. ಅಜಥಿಯೋಪ್ರಿನ್ ಮತ್ತು ಜಿಡೊವುಡಿನ್ ಎರಡೂ ಮೂಳೆಮಜ್ಜೆಯ ಮೇಲೆ ಭಾರ ಹಾಕುತ್ತವೆ. ಒಟ್ಟಿಗೆ ಸೇವಿಸಿದರೆ ರಕ್ತಹೀನತೆ ಮತ್ತು ಬಿಳಿ ರಕ್ತಕಣಗಳ ಕೊರತೆ ಉಂಟಾಗುವ ಅಪಾಯವಿರುವುದರಿಂದ ಈ ಜೋಡಿಯನ್ನು ಸಾಧ್ಯವಾದಷ್ಟು ದೂರವಿಡಲಾಗುತ್ತದೆ. ಅನಿವಾರ್ಯವಾದರೆ ಪದೇ ಪದೇ ರಕ್ತಪರೀಕ್ಷೆ ಕಡ್ಡಾಯ. ಒಂದೇ ಪ್ರಯೋಗಾಲಯದ ಎರಡು ಕೂಸುಗಳು ಒಂದೇ ದೇಹದಲ್ಲಿ ಹೊಂದಿಕೊಳ್ಳವು!

ಅಲೊಪ್ಯೂರಿನಾಲ್ ಕಿಣ್ವವನ್ನು ತಡೆದಂತೆಯೇ, ಎಚ್‌ಐವಿ ಚಿಕಿತ್ಸೆಯಲ್ಲಿ ಬಳಸುವ ರಿಟೊನಾವಿರ್ ಮತ್ತು ಕೋಬಿಸಿಸ್ಟಾಟ್ ಸ್ಟೀರಾಯ್ಡ್‌ಗಳನ್ನು ಒಡೆಯುವ ಕಿಣ್ವವನ್ನು ತಡೆಯುತ್ತವೆ. ಕರುಳಿಗೆಂದು ಕೊಟ್ಟ ಬುಡೆಸೊನೈಡ್‌ನಂತಹ ಸ್ಟೀರಾಯ್ಡ್ ಆಗ ದೇಹದಲ್ಲಿ ಸಂಗ್ರಹವಾಗಿ ಮುಖ ಊದುವುದು, ಸಕ್ಕರೆ ಮತ್ತು ರಕ್ತದೊತ್ತಡ ಏರುವುದು ಮೊದಲಾದ ತೊಂದರೆ ತರಬಲ್ಲದು. ಕರುಳಿನ ವೈದ್ಯರಿಗೆ ಎಚ್‌ಐವಿ ಔಷಧಗಳ ಪಟ್ಟಿ, ಎಚ್‌ಐವಿ ಕೇಂದ್ರದವರಿಗೆ ಕರುಳಿನ ಔಷಧಗಳ ಪಟ್ಟಿ ಗೊತ್ತಿರಲೇಬೇಕು. ಕಳಂಕಕ್ಕೆ ಅಂಜಿ ರೋಗಿ ಒಂದನ್ನು ಮುಚ್ಚಿಟ್ಟರೆ ನಷ್ಟ ಆತನಿಗೇ.

ವೈರಸ್ ಹತೋಟಿಯಲ್ಲಿದ್ದು ಸಿಡಿ4 ಪ್ರಮಾಣ ಸಾಕಷ್ಟಿದ್ದರೆ, ಎಚ್‌ಐವಿ ಬಾಧಿತರಿಗೂ ಮೆಸಲಮಿನ್‌ನಿಂದ ಹಿಡಿದು ಅಜಥಿಯೋಪ್ರಿನ್, ಜೈವಿಕ ಔಷಧಗಳವರೆಗೆ ಬಹುತೇಕ ಚಿಕಿತ್ಸೆಗಳನ್ನು ಎಚ್ಚರಿಕೆಯಿಂದ ನೀಡಬಹುದು. ಜೈವಿಕ ಔಷಧ ಆರಂಭಿಸುವ ಮುನ್ನ ಕ್ಷಯ ಮತ್ತು ಹೆಪಟೈಟಿಸ್-ಬಿ ತಪಾಸಣೆ ಅಗತ್ಯ. ಮುಖ್ಯವಾಗಿ ಕರುಳಿನ ಮೇಲಷ್ಟೇ ಕೆಲಸ ಮಾಡುವ ವೆಡೊಲಿಜುಮಾಬ್‌ನಂತಹ ಔಷಧಗಳೂ ಈಗ ಲಭ್ಯ.

ಭಾರತದ ನಂಟು

ಜಿಡೊವುಡಿನ್ ಭಾರತಕ್ಕೆ ಕೈಗೆಟುಕುವ ಬೆಲೆಯಲ್ಲಿ ಬಂದದ್ದು 1990ರ ದಶಕದಲ್ಲಿ. ಹೈದರಾಬಾದ್‌ನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಎ.ವಿ. ರಾಮರಾವ್ ಮತ್ತು ಸಂಗಡಿಗರು ತಯಾರಿಕಾ ವಿಧಾನ ರೂಪಿಸಿದರು. ಸಿಪ್ಲಾ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. 2004ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ರಾಜ್ಯಗಳಲ್ಲಿ ಕೇಂದ್ರ ಸರ್ಕಾರ ಉಚಿತ ಎಚ್‌ಐವಿ ಚಿಕಿತ್ಸೆ ಆರಂಭಿಸಿದಾಗ ಜಿಡೊವುಡಿನ್ ಮೊದಲ ಸಾಲಿನ ಔಷಧಗಳಲ್ಲಿತ್ತು. ಈಗ ಆ ಸ್ಥಾನವನ್ನು ಡೊಲುಟೆಗ್ರಾವಿರ್ ಒಳಗೊಂಡ ಗುಳಿಗೆ ಪಡೆದಿದೆ. ಇದು ಮೂಳೆಮಜ್ಜೆಗೆ ಅಷ್ಟು ಭಾರವಲ್ಲದ ಕಾರಣ ಕರುಳಿನ ರೋಗಿಗಳ ಚಿಕಿತ್ಸೆಯೂ ಸುಲಭವಾಗಿದೆ.

ಅಜಥಿಯೋಪ್ರಿನ್ ವಿಷಯದಲ್ಲಿ ಭಾರತೀಯರು ತಿಳಿಯಬೇಕಾದ ಮತ್ತೊಂದು ಸಂಗತಿಯಿದೆ. ಎನ್‌ಯುಡಿಟಿ15 ಎಂಬ ವಂಶವಾಹಿಯಲ್ಲಿನ ವ್ಯತ್ಯಾಸ ಇರುವವರಿಗೆ ಈ ಔಷಧ ಸಾಮಾನ್ಯ ಪ್ರಮಾಣದಲ್ಲಿಯೂ ವಿಷವಾಗಬಲ್ಲದು ಎಂದು 2014ರಲ್ಲಿ ಕೊರಿಯಾದ ಸಂಶೋಧಕರು ತೋರಿಸಿದರು. ಈ ವ್ಯತ್ಯಾಸ ಯುರೋಪಿಯನ್ನರಿಗಿಂತ ಏಷ್ಯಾದವರಲ್ಲಿ ಹೆಚ್ಚು. ಔಷಧ ದೇಹದಲ್ಲಿ ಏನಾಗುತ್ತದೆ ಎಂಬ ಎಲಿಯನ್ ಅವರ ಹಳೆಯ ಪ್ರಶ್ನೆಗೆ ಉತ್ತರಗಳು ಇನ್ನೂ ಸಿಗುತ್ತಲೇ ಇವೆ.

ಉಳಿದುಹೋದ ಪತ್ರಗಳು

ನಿವೃತ್ತಿಯ ಬಳಿಕ ಎಲಿಯನ್ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಸಂಶೋಧನೆಯ ಮಾರ್ಗದರ್ಶನ ಮಾಡಿದರು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಬಂತು. ಸಂಶೋಧಕರ ರಾಷ್ಟ್ರೀಯ ಕೀರ್ತಿಮಂದಿರದಲ್ಲಿ ಸ್ಥಾನ ಪಡೆದ ಮೊದಲ ಮಹಿಳೆಯೂ ಅವರೇ. ಅವರ ಹೆಸರಿನಲ್ಲಿ 45 ಪೇಟೆಂಟ್‌ಗಳಿದ್ದವು. ಅಪೆರಾ ಸಂಗೀತದ ಹುಚ್ಚು ಎಷ್ಟಿತ್ತೆಂದರೆ ಅದಕ್ಕಾಗಿಯೇ ನಾರ್ತ್ ಕ್ಯಾರೊಲಿನಾದಿಂದ ನ್ಯೂಯಾರ್ಕಿಗೆ ಹೋಗಿ ಬರುತ್ತಿದ್ದರು.

ಆದರೆ ಅವರು ಎಲ್ಲಕ್ಕಿಂತ ಜೋಪಾನವಾಗಿ ಕಾಪಾಡಿಕೊಂಡದ್ದು ರೋಗಿಗಳು ಮತ್ತು ಅವರ ಮನೆಯವರು ಬರೆದ ಪತ್ರಗಳನ್ನು. ಮಗು ಬದುಕಿದ, ಕಸಿ ಮಾಡಿದ ಮೂತ್ರಪಿಂಡ ಕೆಲಸ ಮಾಡುತ್ತಿರುವ ಸಮಾಚಾರಗಳೇ ಅವರಿಗೆ ಪ್ರಶಸ್ತಿಗಿಂತ ಮಿಗಿಲಾಗಿದ್ದವು. ತಾತನನ್ನು, ಕೈಹಿಡಿಯಬೇಕಿದ್ದವನನ್ನು, 1956ರಲ್ಲಿ ಕ್ಯಾನ್ಸರ್‌ಗೆ ಬಲಿಯಾದ ತಾಯಿಯನ್ನು ಉಳಿಸಿಕೊಳ್ಳಲಾಗದ ಮಹಿಳೆ, ಮುಖ ಕಾಣದ ಲಕ್ಷಾಂತರ ಮಂದಿಯನ್ನು ಉಳಿಸಿದರು.

ಇಂದು ಎಚ್‌ಐವಿ ಮತ್ತು ಕರುಳಿನ ಉರಿಯೂತ ಎರಡನ್ನೂ ಹೊತ್ತ ರೋಗಿಯೊಬ್ಬರು ಆಸ್ಪತ್ರೆಗೆ ಬಂದಾಗ, ವೈದ್ಯರು ಮದ್ದು ಬರೆಯುವ ಮುನ್ನ ರಕ್ತಕಣ ಎಷ್ಟಿದೆ, ಬೇರೆ ಯಾವ ಗುಳಿಗೆ ಸೇವಿಸುತ್ತಿದ್ದೀರಿ ಎಂದು ಕೇಳುತ್ತಾರೆ. ಎಂಟು ದಶಕಗಳ ಹಿಂದೆ ಟಕಾಹೊದ ಪ್ರಯೋಗಾಲಯದಲ್ಲಿ ಎಲಿಯನ್ ಹಿಡಿದ ದಾರಿಯೇ ಆ ಪ್ರಶ್ನೆಗಳ ಹಿಂದಿದೆ.